10×10 ಕೋಣೆಯಲ್ಲಿ ಮಿಕ್ಸ್ ಮಾಡಿದ ಹೌಸ್ ಟ್ರ್ಯಾಕ್‌ನ ಬಾಸ್ ಕಾರಿನಲ್ಲಿ ಏಕೆ ಗುಂಯ್‌ಗುಡುತ್ತದೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ.

ಮನೆಯಲ್ಲೇ ಎಲೆಕ್ಟ್ರಾನಿಕ್ ಸಂಗೀತ ಮಾಡುವುದನ್ನು ಕಲಿಯುತ್ತಿದ್ದೇನೆ. ನನಗೆ ಇಷ್ಟವಾದದ್ದು 124 ಬಿಪಿಎಂ (ನಿಮಿಷಕ್ಕೆ 124 ತಾಳದ ಪೆಟ್ಟು) ಆಸುಪಾಸಿನ ಹೌಸ್ ಎಂಬ ನೃತ್ಯಸಂಗೀತ. ಚಿಕ್ಕಂದಿನಲ್ಲಿ ಪಿಟೀಲು ಕಲಿತಿದ್ದರಿಂದ ಸ್ವರಜ್ಞಾನ ಸ್ವಲ್ಪ ಇದೆ. ಆದರೆ ಮಿಕ್ಸಿಂಗ್ (ಬೇರೆ ಬೇರೆ ಧ್ವನಿಗಳನ್ನು ಹದವಾಗಿ ಬೆರೆಸುವ ಕೆಲಸ) ಪಾಠ ಯಾರ ಬಳಿಯೂ ಆಗಿಲ್ಲ. ನನ್ನ ಬಳಿ 8 ಜಿಬಿ ರ‍್ಯಾಮ್ ಇರುವ ಲ್ಯಾಪ್‌ಟಾಪ್, ಸಂಗೀತ ಮುದ್ರಿಸಿ ಜೋಡಿಸುವ ರೀಪರ್ ತಂತ್ರಾಂಶ, ಉಚಿತವಾಗಿ ಸಿಗುವ ವೈಟಲ್ ಮತ್ತು ಸರ್ಜ್ ಎಕ್ಸ್‌ಟಿ ಸಿಂಥ್‌ಗಳು (ಧ್ವನಿ ಹುಟ್ಟಿಸುವ ತಂತ್ರಾಂಶ ವಾದ್ಯಗಳು), ಒಂದು ಚಿಕ್ಕ ಆಡಿಯೊ ಇಂಟರ್‌ಫೇಸ್, 5 ಇಂಚಿನ ಒಂದು ಜೊತೆ ಸ್ಪೀಕರ್ ಹಾಗೂ ಕಿವಿಯನ್ನು ಪೂರ್ತಿ ಮುಚ್ಚುವ ಒಂದು ಹೆಡ್‌ಫೋನ್ ಇವೆ.

ಈಗ ಕೈಯಲ್ಲಿರುವ ಟ್ರ್ಯಾಕ್ ಮೋಹನ ರಾಗದ ಸ್ವರಗಳ ಮೇಲೆ ಕಟ್ಟಿದ್ದು. ಷಡ್ಜವನ್ನು ಪಾಶ್ಚಾತ್ಯ ಎ ಸ್ವರಕ್ಕೆ ಇಟ್ಟುಕೊಂಡಿದ್ದೇನೆ. ಕಿಕ್ (ದೊಡ್ಡ ಡ್ರಮ್ಮಿನ ಪೆಟ್ಟು) ಪ್ರತಿ ಮಾತ್ರೆಗೂ ಬೀಳುತ್ತದೆ, ಎರಡು ಕಿಕ್‌ಗಳ ನಡುವೆ ಬಾಸ್ (ತಳದ ಮಂದ್ರಸ್ವರ) ಬರುತ್ತದೆ. ಸ್ಪೀಕರಿನ ಮುಂದೆ ಕುಳಿತಾಗ ಬಾಸ್ ತೆಳ್ಳಗೆ ಕೇಳಿಸುವುದರಿಂದ ಅದನ್ನು ಏರಿಸುತ್ತೇನೆ. ಅದೇ ಮಿಕ್ಸ್ ಕಾರಿನಲ್ಲಿ ಹಾಕಿದರೆ ಕೆಳಭಾಗವೆಲ್ಲ ಗುಂಯ್ ಎಂದು ತುಂಬಿಕೊಂಡು ಕಿಕ್ ಎಲ್ಲಿ ಮುಗಿಯಿತು, ಬಾಸ್ ಎಲ್ಲಿ ಶುರುವಾಯಿತು ಎಂಬುದೇ ತಿಳಿಯುವುದಿಲ್ಲ. ಫೋನಿನಲ್ಲಿ ಕೇಳಿದರೆ ಬಾಸ್ ಇದ್ದ ಗುರುತೂ ಇರುವುದಿಲ್ಲ. ಇದರ ಜೊತೆಗೆ, ಬಿಡುಗಡೆಯಾದ ಟ್ರ್ಯಾಕ್‌ಗಳ ಪಕ್ಕದಲ್ಲಿ ನನ್ನದು ತೀರಾ ಸಣ್ಣ ದನಿಯದಾಗಿ ಕೇಳಿಸುತ್ತದೆ.

ಸಬ್‌ವೂಫರ್ ತೆಗೆದುಕೊಳ್ಳಬೇಕೆಂದು ಒಬ್ಬ ಪರಿಚಿತರು ಹೇಳುತ್ತಾರೆ, ತಂತ್ರಾಂಶಕ್ಕೆ ಸೇರಿಸುವ ದುಬಾರಿ ಪ್ಲಗಿನ್‌ಗಳಿಲ್ಲದೆ ಆಗದು ಎಂದು ಇನ್ನೊಬ್ಬರು, ಬೆಂಗಳೂರಿನಲ್ಲಿ ಒಂದು ಕೋರ್ಸ್ ಸೇರಿಬಿಡಿ ಎಂದು ಮತ್ತೊಬ್ಬರು. ಇವುಗಳಲ್ಲಿ ಒಂದಕ್ಕೆ ಆಗುವಷ್ಟು ಹಣ ಕೂಡಿಟ್ಟಿದ್ದೇನೆ. ಯಾವುದಕ್ಕೆ ಹಾಕಲಿ? ಕಲಿಯಬೇಕಾದದ್ದನ್ನು ಯಾವ ಕ್ರಮದಲ್ಲಿ ಕಲಿಯಲಿ? ಕೋಣೆ 10 ಅಡಿ ಉದ್ದ, 10 ಅಡಿ ಅಗಲ, ಬಾಡಿಗೆ ಮನೆ. ಮೇಜು ಒಂದು ಗೋಡೆಯಿಂದ ಸಾಕಷ್ಟು ಮುಂದಕ್ಕಿರುವುದರಿಂದ ನಾನು ಕುಳಿತುಕೊಳ್ಳುವುದು ಹೆಚ್ಚುಕಡಿಮೆ ಕೋಣೆಯ ನಟ್ಟನಡುವೆ.

ಮೊದಲ ಉತ್ತರ

ನಮಸ್ಕಾರ. ಹಣವನ್ನು ಸದ್ಯಕ್ಕೆ ಹಾಗೆಯೇ ಇಟ್ಟುಕೊಳ್ಳಿ ಎಂಬುದು ನನ್ನ ಮೊದಲ ಮಾತು. ನೀವು ಹೇಳಿದ ತೊಂದರೆಯ ದೊಡ್ಡ ಪಾಲು ಮಿಕ್ಸ್‌ಗಿಂತ ಮೊದಲೇ, ನೀವು ಕಿಕ್ಕನ್ನು ಆರಿಸಿಕೊಂಡ ಮತ್ತು ಬಾಸಿನ ಸ್ವರಗಳನ್ನು ಬರೆದ ಹೊತ್ತಿನಲ್ಲೇ ನಿರ್ಧಾರವಾಗಿಬಿಟ್ಟಿರುತ್ತದೆ. ಅದನ್ನು ಆಮೇಲೆ ಈಕ್ಯೂ (ಆವರ್ತನವಾರು ಏರಿಸಿ ಇಳಿಸುವ ಉಪಕರಣ) ಹಾಕಿ ಸರಿಪಡಿಸಲು ಹೊರಟರೆ ಒಂದು ಕಡೆ ಕೊರೆದದ್ದಕ್ಕೆ ಇನ್ನೊಂದು ಕಡೆ ಟೊಳ್ಳಾಗುತ್ತದೆ.

ಲೆಕ್ಕ ಹಾಕಿ ನೋಡೋಣ. 124 ಬಿಪಿಎಂನಲ್ಲಿ ಒಂದು ಕಿಕ್‌ನಿಂದ ಮುಂದಿನ ಕಿಕ್‌ಗೆ ಸುಮಾರು 484 ಮಿಲಿಸೆಕೆಂಡು. ನಿಮ್ಮ ಬಾಸ್ ಎರಡರ ನಡುವೆ ಬರುತ್ತದೆ ಎಂದರೆ ಕಿಕ್ ಬಿದ್ದ 242 ಮಿಲಿಸೆಕೆಂಡಿಗೆ ಬರುತ್ತದೆ. ಕಿಕ್ಕಿನ ಸ್ಯಾಂಪಲ್ (ಮೊದಲೇ ಮುದ್ರಿಸಿದ ಧ್ವನಿ) ತೆರೆದು ಅದರ ಅಲೆಯ ಚಿತ್ರವನ್ನು ಹಿಗ್ಗಿಸಿ ನೋಡಿ. ಮೊದಲಿನ ಚೂಪಾದ ಹೊಡೆತದ ನಂತರ ನಿಧಾನವಾಗಿ ಸಣ್ಣದಾಗುತ್ತ ಹೋಗುವ ಬಾಲ ಎಷ್ಟು ಉದ್ದ ಇದೆ? ಸ್ಯಾಂಪಲ್ ಪ್ಯಾಕ್‌ಗಳಲ್ಲಿ ಬರುವ ಕಿಕ್‌ಗಳ ಬಾಲ ಅನೇಕ ವೇಳೆ 400 ಮಿಲಿಸೆಕೆಂಡು ದಾಟಿರುತ್ತದೆ. ಒಂಟಿಯಾಗಿ ಕೇಳಿದಾಗ ಅದು ತುಂಬ ಗಟ್ಟಿಮುಟ್ಟಾಗಿ ಕೇಳಿಸುವುದರಿಂದಲೇ ನಾವು ಅದನ್ನು ಆರಿಸಿಕೊಳ್ಳುತ್ತೇವೆ. ಆದರೆ ಬಾಸ್ ಬರುವ ಹೊತ್ತಿಗೆ ಆ ಬಾಲ ಇನ್ನೂ ಅಲ್ಲೇ ಇರುತ್ತದೆ, ಅದೂ ಬಾಸಿನದೇ ಆವರ್ತನದಲ್ಲಿ. ಒಂದು ಕಿರಿದಾದ ಬಾಗಿಲಲ್ಲಿ ಇಬ್ಬರು ಒಟ್ಟಿಗೆ ನುಗ್ಗಿದಂತಾಗುತ್ತದೆ. ಬಾಲವನ್ನು 200 ಮಿಲಿಸೆಕೆಂಡಿನ ಆಸುಪಾಸಿಗೆ ತಂದು, ಕೊನೆಯಲ್ಲಿ ಟಕ್ ಎನ್ನದಂತೆ ಸಣ್ಣ ಫೇಡ್ ಕೊಟ್ಟು, ಬೇರೇನನ್ನೂ ಮುಟ್ಟದೆ ಮತ್ತೆ ಕಾರಿನಲ್ಲಿ ಕೇಳಿ ನೋಡಿ. ಈ ಒಂದೇ ಬದಲಾವಣೆ, ಕಿಕ್ ಬಿದ್ದಾಗ ಬಾಸ್ ತಾನಾಗಿ ತಗ್ಗುವಂತೆ ಮಾಡುವ ಸೈಡ್‌ಚೈನ್‌ಗಿಂತ ಹೆಚ್ಚು ಕೆಲಸ ಮಾಡುವುದನ್ನು ನಾನು ಅನೇಕರ ಪ್ರಾಜೆಕ್ಟ್‌ಗಳಲ್ಲಿ ಕಂಡಿದ್ದೇನೆ.

ಎರಡನೆಯದು ಶ್ರುತಿ. ಕಿಕ್ಕಿಗೂ ಒಂದು ಸ್ವರ ಇರುತ್ತದೆ. ನಿಮ್ಮ ಷಡ್ಜ ಎ ಆದರೆ ಬಾಸಿನ ಕೆಳಗಿನ ಸ್ವರ 55 ಹರ್ಟ್ಸ್. ಕಿಕ್ಕಿನ ಬಾಲ 52ರಲ್ಲೋ 58ರಲ್ಲೋ ನಿಂತಿದ್ದರೆ ಎರಡೂ ಕೂಡಿದಲ್ಲಿ ಅಲುಗಾಟ ಹುಟ್ಟುತ್ತದೆ. ಪಿಟೀಲಿನ ತಂತಿ ಶ್ರುತಿಗೆ ಕೂಡುವ ಮುನ್ನ ಕೇಳುವ ಆ ಅಲೆಯಾಟವನ್ನು ನೀವು ಚೆನ್ನಾಗಿ ಬಲ್ಲಿರಿ. ಕಿಕ್ಕನ್ನು ಅರ್ಧ ಸ್ವರದಷ್ಟು ಮೇಲೆ ಕೆಳಗೆ ಸರಿಸಿ, ಬಾಸಿನೊಡನೆ ಯಾವಾಗ ನಿಲ್ಲುತ್ತದೆಯೋ ಅಲ್ಲಿ ಬಿಡಿ. ವಾಕ್ಸೆಂಗೊ ಸ್ಪ್ಯಾನ್ ಎಂಬ ಉಚಿತ ಅನಲೈಸರ್‌ನಲ್ಲಿ ಇದನ್ನು ಕಣ್ಣಾರೆ ನೋಡಬಹುದಾದರೂ ಕೊನೆಯ ತೀರ್ಮಾನವನ್ನು ಕಿವಿಗೇ ಬಿಡುವುದು ಒಳ್ಳೆಯದು.

ಇಷ್ಟಾದ ಮೇಲೂ ಎರಡೂ ಒಂದರ ಮೇಲೊಂದು ಬೀಳುವ ಜಾಗಗಳಿದ್ದರೆ ಸೈಡ್‌ಚೈನ್ ಹಾಕಿ. ರೀಪರ್ ಜೊತೆಗೇ ಬರುವ ರಿಯಾಕಾಂಪ್ ಎಂಬ ಕಂಪ್ರೆಸರ್ (ದನಿ ಏರಿದಾಗ ಅದನ್ನು ತಗ್ಗಿಸುವ ಉಪಕರಣ) ಸಾಕು. ಕಿಕ್ ಟ್ರ್ಯಾಕ್‌ನಿಂದ ಬಾಸ್ ಟ್ರ್ಯಾಕ್‌ನ 3 ಮತ್ತು 4ನೇ ಚಾನೆಲ್‌ಗಳಿಗೆ ಸೆಂಡ್ (ಧ್ವನಿಯ ಕವಲು) ಕೊಟ್ಟು, ಕಂಪ್ರೆಸರ್‌ನ ಡಿಟೆಕ್ಟರ್ ಆ ಚಾನೆಲ್‌ಗಳನ್ನು ಕೇಳುವಂತೆ ಮಾಡಬೇಕು. ರಿಲೀಸ್ ಕಾಲವನ್ನು ಬಾಸ್ ಮತ್ತೆ ಮೇಲೇಳುವುದು ತಾಳಕ್ಕೆ ಹೊಂದುವಂತೆ ಇಟ್ಟರೆ ಆ ಉಸಿರಾಟವೇ ಹೌಸ್‌ನ ನಡೆಯಾಗುತ್ತದೆ.

ಫೇಡರ್‌ಗಳ (ದನಿ ಏರಿಸಿ ಇಳಿಸುವ ಗುಂಡಿಗಳ) ಬಗ್ಗೆ ಇನ್ನೊಂದು ಮಾತು ಸೇರಿಸುತ್ತೇನೆ. ಎಲ್ಲ ಫೇಡರ್‌ಗಳನ್ನೂ ಪೂರ್ತಿ ಇಳಿಸಿ, ಮಾಸ್ಟರನ್ನು (ಎಲ್ಲವೂ ಕೂಡಿ ಹೊರಬರುವ ಟ್ರ್ಯಾಕನ್ನು) ಮೋನೊ (ಎಡಬಲ ಒಂದೇ ಧ್ವನಿ) ಮಾಡಿ, ಕಿಕ್ಕಿನ ಶಿಖರ ಮೈನಸ್ 10 ಡೆಸಿಬೆಲ್ ಬಳಿ ಇರುವಂತೆ ಇಟ್ಟು, ಅದರ ಪಕ್ಕಕ್ಕೆ ಬಾಸ್, ಆಮೇಲೆ ಕ್ಲ್ಯಾಪ್, ಹೈಹ್ಯಾಟ್, ಕೊನೆಗೆ ಸ್ವರಗಳು ಎಂಬ ಕ್ರಮದಲ್ಲಿ ಒಂದೊಂದನ್ನೇ ಏರಿಸುತ್ತ ಬನ್ನಿ. ಯಾವ ಪ್ಲಗಿನ್ನೂ ಇಲ್ಲದೆ ಇಷ್ಟರಿಂದಲೇ ಟ್ರ್ಯಾಕ್ ಬಹುಮಟ್ಟಿಗೆ ನಿಂತುಕೊಳ್ಳಬೇಕು. ನಿಲ್ಲದಿದ್ದರೆ ಯಾವುದೋ ಒಂದು ಧ್ವನಿಯ ಆಯ್ಕೆಯೇ ತಪ್ಪಿದೆ ಎಂದು ಅರ್ಥ. ಅದನ್ನು ಬದಲಾಯಿಸುವುದೇ ನೇರದಾರಿ.

ಎರಡನೆಯ ಉತ್ತರ

ಮೇಲಿನವರು ಹೇಳಿದ್ದನ್ನು ಪೂರ್ತಿ ಒಪ್ಪುತ್ತೇನೆ, ಆದರೆ ಕ್ರಮವನ್ನು ಒಪ್ಪುವುದಿಲ್ಲ. ಪ್ರಶ್ನೆ ಕೇಳಿದವರು ತಮ್ಮ ಪ್ರಶ್ನೆಯಲ್ಲೇ ಕಾರಣವನ್ನೂ ಕೊಟ್ಟಿದ್ದಾರೆ: 10×10 ಕೋಣೆ, ಕುರ್ಚಿ ನಟ್ಟನಡುವೆ, ಟ್ರ್ಯಾಕ್‌ನ ಷಡ್ಜ ಎ. ಈ ಮೂರೂ ಸೇರಿದರೆ ಬಾಸ್ ಕೇಳಿಸದೇ ಇರುವುದು ಸಹಜ.

ಎದುರುಬದುರಾದ ಎರಡು ಗೋಡೆಗಳ ನಡುವಿನ ದೂರ ಒಂದು ಧ್ವನಿಯಲೆಯ ಉದ್ದದ ಅರ್ಧಕ್ಕೆ ಸಮವಾದಾಗ ಆ ಅಲೆ ಕೋಣೆಯಲ್ಲಿ ನಿಂತಲೆಯಾಗುತ್ತದೆ, ಅಂದರೆ ಮುಂದೆ ಸಾಗದೆ ಕೆಲವೆಡೆ ಉಬ್ಬಿ ಕೆಲವೆಡೆ ಬತ್ತಿ ನಿಲ್ಲುತ್ತದೆ. 10 ಅಡಿ ಎಂದರೆ 3.05 ಮೀಟರ್. ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. 343ನ್ನು ಕೋಣೆಯ ಉದ್ದದ ಎರಡರಷ್ಟಾದ 6.1ರಿಂದ ಭಾಗಿಸಿದರೆ 56 ಹರ್ಟ್ಸ್ ಬರುತ್ತದೆ. ನಿಮ್ಮ ಬಾಸಿನ ಷಡ್ಜ 55. ಈ ನಿಂತಲೆಯ ಒತ್ತಡ ಗೋಡೆಗಳ ಬಳಿ ಅತ್ಯಂತ ಹೆಚ್ಚು, ಸರಿಯಾಗಿ ನಡುವೆ ಬಹುತೇಕ ಶೂನ್ಯ. ಅಂದರೆ ನಿಮ್ಮ ಟ್ರ್ಯಾಕ್‌ನ ಅತಿ ಮುಖ್ಯವಾದ ಸ್ವರ ಇಡೀ ಕೋಣೆಯಲ್ಲಿ ಎಲ್ಲಿ ಕೇಳುವುದಿಲ್ಲವೋ ಆ ಜಾಗದಲ್ಲೇ ನೀವು ಕುರ್ಚಿ ಹಾಕಿಕೊಂಡಿದ್ದೀರಿ. ಸೂರಿನ ಎತ್ತರವೂ ನಮ್ಮ ಕಡೆ ಸಾಮಾನ್ಯವಾಗಿರುವಂತೆ 10 ಅಡಿಯೇ ಆಗಿದ್ದರೆ ಮೂರು ದಿಕ್ಕುಗಳಿಗೂ ಅದೇ 56 ಹರ್ಟ್ಸ್. ಚಿಕ್ಕ ಕೋಣೆಗಳಲ್ಲಿ ಘನಾಕಾರದ ಕೋಣೆ ಅತ್ಯಂತ ಕಷ್ಟದ್ದು. ಕಾರಿನೊಳಗೆ ಈ ನಿರ್ದಿಷ್ಟ ಕುಳಿ ಇಲ್ಲದ್ದರಿಂದ ನೀವು ಏರಿಸಿದ್ದೆಲ್ಲವೂ ಅಲ್ಲಿ ಕೇಳಿಸುತ್ತದೆ.

ನನ್ನ ಮಾತನ್ನು ನಂಬಬೇಕಾಗಿಲ್ಲ, ಪರೀಕ್ಷಿಸಿ ನೋಡಿ. ವೈಟಲ್‌ನಲ್ಲಿ ಯಾವ ಫಿಲ್ಟರೂ ಇಲ್ಲದ ಒಂದೇ ಆವರ್ತನವಿರುವ ಶುದ್ಧ ಸೈನ್ ಅಲೆಯೊಂದನ್ನು ಇಟ್ಟು, ಕೆಳಗಿನ ಎ ಸ್ವರವನ್ನು ಹಿಡಿದುಕೊಂಡಿರುವಂತೆ ಮಾಡಿ, ಸಾಧಾರಣ ದನಿಯಲ್ಲಿ ನುಡಿಸಿ. ಕುರ್ಚಿಯಲ್ಲಿ ಕುಳಿತು ಕೇಳಿ. ಎದ್ದು ಮೂಲೆಗೆ ಹೋಗಿ ಕೇಳಿ. ನಂತರ 30ರಿಂದ 120 ಹರ್ಟ್ಸ್‌ವರೆಗೆ ನಿಧಾನವಾಗಿ ಏರಿಸುತ್ತ ಎಲ್ಲಿ ಉಬ್ಬುತ್ತದೆ, ಎಲ್ಲಿ ಮಾಯವಾಗುತ್ತದೆ ಎಂಬುದನ್ನು ಬರೆದಿಟ್ಟುಕೊಳ್ಳಿ. ಆ ಕಾಗದ ನಿಮ್ಮ ಕೋಣೆಯ ನಕ್ಷೆ. 5 ಇಂಚಿನ ಸ್ಪೀಕರ್‌ಗಳು 50–60 ಹರ್ಟ್ಸ್‌ಗಿಂತ ಕೆಳಗೆ ತಾವಾಗಿಯೇ ಸೊರಗುತ್ತವೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಈಗ ಪರಿಹಾರ. ಮೇಜನ್ನು ಎದುರಿನ ಗೋಡೆಗೆ ಹತ್ತಿರ ತಳ್ಳಿ, ನಿಮ್ಮ ಕಿವಿ ಆ ಗೋಡೆಯಿಂದ ಸುಮಾರು ಮೂರೂಮುಕ್ಕಾಲು ಅಡಿ ದೂರಕ್ಕೆ ಬರುವಂತೆ ಮಾಡಿಕೊಳ್ಳಿ. ಕೋಣೆಯ ಉದ್ದದ ನೂರಕ್ಕೆ 38ರಷ್ಟು ದೂರ ಎಂಬುದು ಬಹಳ ಜನ ಬಳಸುವ ಅಂದಾಜು. ಅದು ಆರಂಭದ ಬಿಂದುವಷ್ಟೇ, ಅಲ್ಲಿಂದ ಹಿಂದೆ ಮುಂದೆ ಒಂದೊಂದು ಗೇಣು ಸರಿದು ಕೇಳಿ. ಎಡಬಲ ಸಮನಾಗಿರಬೇಕಾದ್ದರಿಂದ ಅಗಲದಲ್ಲಿ ನಡುವೆಯೇ ಕುಳಿತುಕೊಳ್ಳಬೇಕು. ಸಬ್‌ವೂಫರ್ ಮಾತ್ರ ಖಂಡಿತ ಬೇಡ. ಇದ್ದ ಕುಳಿ ಹಾಗೆಯೇ ಉಳಿದು, ಕೆಳಗಿನ ಮನೆಯವರ ನಿದ್ದೆ ಕೆಡುತ್ತದೆ.

ಮೊಟ್ಟೆಯ ಟ್ರೇಗಳನ್ನು ಗೋಡೆಗೆ ಅಂಟಿಸುವವರನ್ನು ಈಗಲೂ ನೋಡುತ್ತೇನೆ. ಬಾಸಿಗೆ ಅವುಗಳಿಂದ ಏನೂ ಆಗುವುದಿಲ್ಲ. ಮರದ ಚೌಕಟ್ಟಿನೊಳಗೆ 4 ಇಂಚು ದಪ್ಪದ ರಾಕ್‌ವೂಲ್ (ಕಲ್ಲಿನ ಎಳೆಗಳ ಹಾಸು) ತುಂಬಿ, ಗಾಳಿಯಾಡುವ ಹತ್ತಿಬಟ್ಟೆ ಹೊದಿಸಿದ ಹಲಗೆಗಳನ್ನು ಬಡಗಿಯವರ ಕೈಯಲ್ಲಿ ಮಾಡಿಸಬಹುದು. ಗೋಡೆಗೆ ಮೊಳೆ ಹೊಡೆಯದೆ ಒರಗಿಸಿಟ್ಟರೂ ನಡೆಯುತ್ತದೆ. ಮನೆ ಬಿಡುವಾಗ ಜೊತೆಯಲ್ಲೇ ಒಯ್ಯಬಹುದು. ಆದರೆ ಅವುಗಳಿಂದ ನಿರೀಕ್ಷಿಸಬೇಕಾದದ್ದು ಏನು ಎಂಬುದು ಸ್ಪಷ್ಟವಾಗಿರಲಿ: ಕೈತಟ್ಟಿದಾಗ ಬರಿಯ ಗೋಡೆಗಳ ನಡುವೆ ಕೇಳುವ ಟಣಟಣ ಮರುದನಿ ಹೋಗುತ್ತದೆ, ಕ್ಲ್ಯಾಪ್ ಮತ್ತು ಸ್ವರಗಳು ತಿಳಿಯಾಗುತ್ತವೆ. 56 ಹರ್ಟ್ಸ್ ಅಲೆಯ ಕಾಲುಭಾಗವೇ ಐದು ಅಡಿಯಷ್ಟು ಉದ್ದವಿರುವಾಗ 4 ಇಂಚಿನ ಹಲಗೆ ಅದನ್ನು ಹೀರಲಾರದು. ಬಾಸಿನ ತೀರ್ಮಾನವನ್ನು ಹೆಡ್‌ಫೋನಿನಲ್ಲೇ ಮಾಡಿ, ಸ್ಪೀಕರನ್ನು ಉಳಿದದ್ದಕ್ಕೆ ಬಳಸಿ. ಹಣ ಖರ್ಚು ಮಾಡಲೇಬೇಕೆಂದಿದ್ದರೆ ಕೆಳಗಿನ ಸ್ವರಗಳನ್ನು ಉಬ್ಬಿಸದ, ಹಿಂಬದಿ ತೆರೆದಿರುವ ಒಂದು ಒಳ್ಳೆಯ ಹೆಡ್‌ಫೋನಿಗೆ ಹಾಕಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಸೈನ್ ಅಲೆಯ ಪರೀಕ್ಷೆ ಮಾಡಿದೆ. ಕುರ್ಚಿಯಲ್ಲಿ ಕುಳಿತಾಗ ಕೆಳಗಿನ ಎ ಸ್ವರ ಇದೆಯೋ ಇಲ್ಲವೋ ಎಂಬಂತಿತ್ತು. ಬಾಗಿಲ ಪಕ್ಕದ ಮೂಲೆಗೆ ಹೋದಾಗ ಅದೇ ಸ್ವರಕ್ಕೆ ಕಬ್ಬಿಣದ ಬೀರುವಿನ ಬಾಗಿಲು ಜಿರ್ರೆಂದು ನಡುಗುತ್ತಿತ್ತು. ಮೇಜನ್ನು ಸರಿಸಿದ ಮೇಲೆ ಬಾಸ್ ಕೂತಲ್ಲೇ ಕೇಳುತ್ತಿದೆ, ಮತ್ತು ಅದನ್ನು 5 ಡೆಸಿಬೆಲ್ ಇಳಿಸಬೇಕಾಯಿತು. ಕಿಕ್ಕಿನ ಬಾಲ ನಿಜವಾಗಿಯೂ ಬಾಸಿನ ಮೇಲೆ ಹಾಯುತ್ತಿತ್ತು, ಕತ್ತರಿಸಿದ್ದೇನೆ.

ಎರಡು ಸಂಗತಿ ಉಳಿದಿವೆ. ಫೋನಿನಲ್ಲಿ ಬಾಸ್ ಈಗಲೂ ಇಲ್ಲ, ಟ್ರ್ಯಾಕ್‌ನ ಒಟ್ಟು ದನಿಯೂ ಸಣ್ಣದು. ಇನ್ನೊಂದು, ಬಾಸಿನಲ್ಲಿ ಗಾಂಧಾರದಿಂದ ಪಂಚಮಕ್ಕೆ ಜಾರು ತರಬೇಕೆಂದು ಕೀಬೋರ್ಡಿನಲ್ಲಿ ಸ್ವರವನ್ನು ಬಾಗಿಸುವ ಪಿಚ್ ಬೆಂಡ್ ಚಕ್ರ ತಿರುಗಿಸಿದರೆ ಅದು ಪಂಚಮ ಮುಟ್ಟುವ ಮೊದಲೇ ನಿಂತುಬಿಡುತ್ತದೆ.

ಮೂರನೆಯ ಉತ್ತರ

ಫೋನಿನ ವಿಷಯಕ್ಕೆ ಬರುತ್ತೇನೆ. ಫೋನಿನ ಸ್ಪೀಕರ್‌ನಿಂದ 55 ಹರ್ಟ್ಸ್ ಹೊರಬರುವುದು ಸಾಧ್ಯವೇ ಇಲ್ಲ. ಅದರ ಬಲ ಶುರುವಾಗುವುದೇ ಕೆಲವು ನೂರು ಹರ್ಟ್ಸ್‌ನಿಂದ ಮೇಲೆ. ಆದರೂ ಒಳ್ಳೆಯ ಮಿಕ್ಸ್‌ನ ಬಾಸ್ ಫೋನಿನಲ್ಲಿ ಕೇಳಿಸಿದಂತೆ ಅನಿಸುತ್ತದೆಯಲ್ಲ, ಅದಕ್ಕೆ ಕಾರಣ ಮೇಲಿನ ಹಾರ್ಮೋನಿಕ್‌ಗಳು. 55ರ ಮೇಲೆ 110, 165, 220, 275 ಹೀಗೆ ಸಾಲಾಗಿ ಇದ್ದರೆ, ತಳದ 55 ಇಲ್ಲದಿದ್ದರೂ ನಮ್ಮ ಮಿದುಳು ಆ ಸ್ವರವನ್ನೇ ಗ್ರಹಿಸುತ್ತದೆ. ಬಹುಶಃ ನಿಮ್ಮ ಬಾಸ್ ಶುದ್ಧ ಸೈನ್‌ಗೆ ಹತ್ತಿರದ ಧ್ವನಿಯಾಗಿದೆ, ಅದರಲ್ಲಿ ಈ ಸಾಲೇ ಇಲ್ಲ. ಬಾಸ್ ಟ್ರ್ಯಾಕ್‌ನ ಒಂದು ನಕಲು ಮಾಡಿ, ಅದಕ್ಕೆ ಸ್ಯಾಚುರೇಶನ್ (ಹಾರ್ಮೋನಿಕ್‌ಗಳನ್ನು ಸೇರಿಸುವ ಹದವಾದ ವಿಕೃತಿ) ಹಾಕಿ, 150 ಹರ್ಟ್ಸ್‌ಗಿಂತ ಕೆಳಗಿನದನ್ನು ಫಿಲ್ಟರ್‌ನಿಂದ ತೆಗೆದು, ಮೂಲದ ಅಡಿಯಲ್ಲಿ ಮೆಲ್ಲಗೆ ಬೆರೆಸಿ. ಪ್ರತ್ಯೇಕವಾಗಿ ಕೇಳಿದಾಗ ಅದು ಒರಟಾಗಿರುತ್ತದೆ. ಮಿಕ್ಸ್‌ನೊಳಗೆ ಅದು ಇರುವುದೇ ಗೊತ್ತಾಗಬಾರದು, ತೆಗೆದಾಗ ಮಾತ್ರ ಏನೋ ಹೋಯಿತೆನಿಸಬೇಕು. ಸುಮಾರು 120 ಹರ್ಟ್ಸ್‌ನ ಕೆಳಗಿನದೆಲ್ಲ ಮೋನೊ ಆಗಿಯೇ ಇರಲಿ.

ದನಿಯ ಮಟ್ಟದ ಬಗ್ಗೆ ಹೇಳುವುದಾದರೆ, ನೀವು ಹೋಲಿಸುತ್ತಿರುವುದು ಮಾಸ್ಟರಿಂಗ್ (ಬಿಡುಗಡೆಗೆ ಮುನ್ನ ಮಾಡುವ ಅಂತಿಮ ಹದ) ಆದ ಟ್ರ್ಯಾಕ್‌ನೊಂದಿಗೆ. ಹೋಲಿಸುವ ಟ್ರ್ಯಾಕನ್ನು ನಿಮ್ಮದರ ಮಟ್ಟಕ್ಕೆ ಇಳಿಸಿಕೊಳ್ಳದೆ ಹೋಲಿಕೆ ಮಾಡಲೇಬೇಡಿ, ಏಕೆಂದರೆ ಒಂದೇ ಡೆಸಿಬೆಲ್ ಹೆಚ್ಚಿದ್ದರೂ ಕಿವಿ ಅದನ್ನೇ ಉತ್ತಮ ಎನ್ನುತ್ತದೆ. ಯೂಲೀನ್ ಲೌಡ್‌ನೆಸ್ ಮೀಟರ್‌ನ ಉಚಿತ ಆವೃತ್ತಿಯಲ್ಲಿ ಎರಡನ್ನೂ ಅಳೆದು ಸಮ ಮಾಡಿಕೊಳ್ಳಿ. ಸ್ಪಾಟಿಫೈ ತನ್ನಲ್ಲಿ ಬರುವ ಹಾಡುಗಳನ್ನು ಸಾಮಾನ್ಯವಾಗಿ ಮೈನಸ್ 14 ಎಲ್‌ಯುಎಫ್‌ಎಸ್ (ಕಿವಿಗೆ ಕೇಳುವ ಜೋರಿನ ಅಳತೆ) ಮಟ್ಟಕ್ಕೆ ತಂದು ನುಡಿಸುತ್ತದೆ, ಆಪಲ್ ಮ್ಯೂಸಿಕ್ ಮೈನಸ್ 16ಕ್ಕೆ. ನೀವು ಲಿಮಿಟರ್ (ದನಿಯ ಶಿಖರಗಳನ್ನು ತಡೆಯುವ ಉಪಕರಣ) ಒತ್ತಿ ಒತ್ತಿ ಮೈನಸ್ 8ಕ್ಕೆ ತಂದರೆ ಸ್ಪಾಟಿಫೈ ಅದನ್ನು 6 ಡೆಸಿಬೆಲ್ ತಗ್ಗಿಸುತ್ತದೆ. ಉಳಿಯುವುದು ಒತ್ತಿದ್ದರಿಂದ ಚಪ್ಪಟೆಯಾದ ಕಿಕ್ ಮಾತ್ರ. ಹಾಗೆಂದು ಮೈನಸ್ 14 ಎಂಬುದನ್ನು ಗುರಿಯಾಗಿ ಇಟ್ಟುಕೊಳ್ಳುವುದೂ ಸರಿಯಲ್ಲ. ಕ್ಲಬ್‌ಗಾಗಿ ಮಾಡಿದ ಹೌಸ್ ಟ್ರ್ಯಾಕ್‌ಗಳು ಅದಕ್ಕಿಂತ ಸಾಕಷ್ಟು ಜೋರಾಗಿಯೇ ಇರುತ್ತವೆ, ಅವುಗಳ ಕೆಳಭಾಗ ಶುಚಿಯಾಗಿರುವುದರಿಂದ ಆ ಜೋರು ಅವುಗಳಿಗೆ ಒಪ್ಪುತ್ತದೆ. ಬಾಸ್ 5 ಡೆಸಿಬೆಲ್ ಇಳಿದದ್ದರಿಂದ ನಿಮ್ಮ ಲಿಮಿಟರ್‌ಗೆ ಈಗಾಗಲೇ ಜಾಗ ಸಿಕ್ಕಿದೆ. ಲಿಮಿಟರ್ ಬಲುಬೇಗ ಕಚ್ಚಿಕೊಳ್ಳುವುದು ಕೆಳಗಿನ ಆವರ್ತನಗಳಿಗೇ. ಟ್ರೂ ಪೀಕ್ (ದನಿಯ ನಿಜವಾದ ಶಿಖರ) ಮೈನಸ್ 1 ಡೆಸಿಬೆಲನ್ನು ದಾಟದಂತೆ ಇಟ್ಟು, ಕಿಕ್ಕಿನ ಪೆಟ್ಟು ಮಂಕಾಗುವ ಮುನ್ನ ನಿಲ್ಲಿಸಿ.

ಇನ್ನೊಂದು ವಿಷಯ. ಈ ಕೆಲಸವನ್ನು ಪಕ್ಕದವರೊಂದಿಗೆ ಮಾತನಾಡಬಹುದಾದಷ್ಟು ತಗ್ಗಿದ ದನಿಯಲ್ಲಿ ಮಾಡಿ. ಜೋರು ಮಾಡಿದಷ್ಟೂ ಕಿವಿಗೆ ಕೆಳಗಿನ ಮತ್ತು ಮೇಲಿನ ಆವರ್ತನಗಳು ಹೆಚ್ಚಾಗಿ ಕೇಳಿಸುತ್ತವೆ. ಸಂಶೋಧಕರಾದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಇದನ್ನು ಅಳೆದು ತೋರಿಸಿದ್ದಾರೆ. ಜೋರಾಗಿ ಕೇಳುತ್ತ ಮಾಡಿದ ಮಿಕ್ಸ್ ತಗ್ಗಿದ ದನಿಯಲ್ಲಿ ಸಪ್ಪೆಯಾಗುವುದು ಅದರಿಂದಲೇ. ಹೋದ ಶ್ರವಣಶಕ್ತಿಯಂತೂ ಮರಳಿ ಬರುವುದಿಲ್ಲ.

ನಾಲ್ಕನೆಯ ಉತ್ತರ

ಜಾರಿನ ಪ್ರಶ್ನೆ ನನಗೆ ತುಂಬ ಸಂತೋಷ ಕೊಟ್ಟಿತು. ಮೋಹನದಲ್ಲಿ ಗಾಂಧಾರದಿಂದ ಪಂಚಮಕ್ಕೆ ಮೂರು ಅರ್ಧಸ್ವರಗಳ ದೂರ. ಸಿಂಥ್‌ಗಳಲ್ಲಿ ಪಿಚ್ ಬೆಂಡ್ ಸಾಮಾನ್ಯವಾಗಿ ಎರಡು ಅರ್ಧಸ್ವರಗಳಿಗೆ ಹೊಂದಿಸಿಟ್ಟಿರುತ್ತದೆ. ಆದ್ದರಿಂದಲೇ ಅದು ನಡುವೆ ನಿಲ್ಲುತ್ತದೆ. ವೈಟಲ್‌ನಲ್ಲೂ ಸರ್ಜ್‌ನಲ್ಲೂ ಈ ಮಿತಿಯನ್ನು 12ಕ್ಕೆ ಏರಿಸಬಹುದು. ಮಿಡಿಯಲ್ಲಿ (ಕೀಬೋರ್ಡು ಕಂಪ್ಯೂಟರಿಗೆ ಸೂಚನೆ ಕಳಿಸುವ ಭಾಷೆಯಲ್ಲಿ) ಬೆಂಡ್‌ಗೆ 16,384 ಮೆಟ್ಟಿಲುಗಳಿರುವುದರಿಂದ 12ಕ್ಕೆ ಹಿಗ್ಗಿಸಿದರೂ ಜಾರು ನುಣುಪಾಗಿಯೇ ಬರುತ್ತದೆ. ಚಕ್ರದಿಂದ ನುಡಿಸಿದ ಮೇಲೆ ಆ ರೇಖೆಯನ್ನು ಪರದೆಯ ಮೇಲೆ ತೆರೆದು, ಪಿಟೀಲಿನಲ್ಲಿ ನಿಮ್ಮ ಬೆರಳು ಹೇಗೆ ಹೊರಡಲು ತಡಮಾಡಿ ನಂತರ ವೇಗವಾಗಿ ಸಾಗಿ ಕೊನೆಗೆ ಮೆಲ್ಲನೆ ಕೂರುತ್ತಿತ್ತೋ ಹಾಗೆ ಬಾಗಿಸಿ. ನೇರವಾದ ಗೆರೆ ಜಾರಿನಂತೆ ಕೇಳಿಸುವುದಿಲ್ಲ. ಸಾಧಾರಣ ಜಾರುಗಳಿಗೆ ಸಿಂಥನ್ನು ಮೋನೊ (ಇಲ್ಲಿ, ಒಂದು ಸಲಕ್ಕೆ ಒಂದೇ ಸ್ವರ), ಲೆಗಾಟೊ (ಸ್ವರಗಳು ಬಿಡದೆ ಸೇರುವಂತೆ) ಮಾಡಿ ಗ್ಲೈಡ್ (ತಾನಾಗಿ ಜಾರುವ ಸೌಲಭ್ಯ) ಕೊಟ್ಟರೆ ಸಾಕು.

ಈ ದಾರಿಯಲ್ಲಿ ನಿಮಗಿಂತ ಮೊದಲು ನಡೆದವರೊಬ್ಬರಿದ್ದಾರೆ. ಮುಂಬಯಿಯ ಚಿತ್ರಸಂಗೀತದ ವಾದ್ಯಗಾರರಾಗಿದ್ದ ಚರಣಜಿತ್ ಸಿಂಗ್ ಅವರು ರೋಲ್ಯಾಂಡ್ ಕಂಪನಿಯ ಟಿಬಿ-303 ಬಾಸ್ ಯಂತ್ರ, ಟಿಆರ್-808 ಡ್ರಮ್ ಯಂತ್ರ ಮತ್ತು ಜ್ಯುಪಿಟರ್-8 ಸಿಂಥಸೈಜರ್ ಬಳಸಿ ಹತ್ತು ರಾಗಗಳನ್ನು ಡಿಸ್ಕೊ ನಡೆಯ ಮೇಲೆ ನುಡಿಸಿದ ಧ್ವನಿಮುದ್ರಿಕೆ 1982ರಲ್ಲಿ ಬಂತು. ಆಗ ಅದನ್ನು ಕೇಳಿದವರು ಕಡಿಮೆ. 2010ರಲ್ಲಿ ಮರುಬಿಡುಗಡೆಯಾದ ಮೇಲೆ ಜಗತ್ತಿನ ಗಮನ ಅದರತ್ತ ತಿರುಗಿತು. 303ರಲ್ಲಿ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಸ್ಲೈಡ್ ಎಂಬ ಸೌಲಭ್ಯವಿದೆ, ಅದು ರಾಗಕ್ಕೆ ಎಷ್ಟು ಸಹಜವಾಗಿ ಹೊಂದುತ್ತದೆ ಎಂಬುದನ್ನು ಅಲ್ಲಿ ಕೇಳಬಹುದು. ಕಾರ್ಡ್‌ಗಳು (ಒಟ್ಟಿಗೆ ನುಡಿಯುವ ಸ್ವರಗುಚ್ಛಗಳು) ಬದಲಾಗುತ್ತ ಹೋಗದೆ ಒಂದೇ ಷಡ್ಜದ ಮೇಲೆ ದೀರ್ಘಕಾಲ ನಿಲ್ಲುವುದು ರಾಗಕ್ಕೂ ಹೌಸ್‌ಗೂ ಸಹಜವಾದ ಸ್ವಭಾವ. ಬಾಸ್ ಬರೆಯುವಾಗ ಮಾತ್ರ ರಾಗದ ಮೇಲೆ ಕಣ್ಣಿರಲಿ: ಮೋಹನದಲ್ಲಿ ಷಡ್ಜ–ಪಂಚಮ ಧಾರಾಳವಾಗಿ ನಡೆಯುತ್ತದೆ, ಆದರೆ ನಾಳೆ ಹಿಂದೋಳ ಎತ್ತಿಕೊಂಡರೆ ಅದರಲ್ಲಿ ಪಂಚಮವೇ ಇಲ್ಲ. ಅಭ್ಯಾಸಬಲದಿಂದ ಬಾಸಿನಲ್ಲಿ ಪಂಚಮ ಹಾಕಿದರೆ ಮೇಲಿನ ಸ್ವರಗಳು ಎಷ್ಟೇ ಶುದ್ಧವಾಗಿದ್ದರೂ ರಾಗ ಕೆಡುತ್ತದೆ.

ಕಲಿಕೆಯ ಕ್ರಮವನ್ನು ಕೇಳಿದ್ದಿರಿ. ನಿಮಗೆ ತುಂಬ ಇಷ್ಟವಾದ ಒಂದು ಹೌಸ್ ಟ್ರ್ಯಾಕನ್ನು ರೀಪರ್‌ಗೆ ತಂದು, ಅದರ ಬಿಪಿಎಂಗೆ ಪ್ರಾಜೆಕ್ಟನ್ನು ಹೊಂದಿಸಿ, ಪ್ರತಿ 16 ಬಾರ್‌ಗಳಿಗೊಂದು (ಒಂದು ಬಾರ್ ಎಂದರೆ ನಾಲ್ಕು ಪೆಟ್ಟು) ಗುರುತು ಹಾಕಿ. 124 ಬಿಪಿಎಂನಲ್ಲಿ 16 ಬಾರ್ ಎಂದರೆ ಸುಮಾರು 31 ಸೆಕೆಂಡು. ಪ್ರತಿ ಗುರುತಿನಲ್ಲೂ ಏನು ಬಂತು, ಏನು ಹೋಯಿತು ಎಂದು ಬರೆಯಿರಿ. ನಂತರ ಅದರ ಕೆಳಗೆ ಖಾಲಿ ಟ್ರ್ಯಾಕ್‌ಗಳಲ್ಲಿ ಅದೇ ಡ್ರಮ್, ಅದೇ ಬಾಸ್, ಅದೇ ಏರಿಳಿತವನ್ನು ನಿಮ್ಮ ಸಿಂಥ್‌ಗಳಿಂದ ಮರುಕಟ್ಟಿ, ಮೂಲವನ್ನೂ ನಿಮ್ಮದನ್ನೂ ಅದಲುಬದಲು ಮಾಡಿ ಕೇಳಿ. ಪಿಟೀಲು ಕಲಿಯುವಾಗ ಗುರುಗಳು ನುಡಿಸಿದ್ದನ್ನು ಮರುನುಡಿಸಿಯೇ ವರ್ಣದವರೆಗೆ ಬಂದಿರಿ. ಇಲ್ಲಿಯೂ ಕಿವಿ ಬೆಳೆಯುವುದು ಹಾಗೆಯೇ. ಹೀಗೆ ಮರುಕಟ್ಟಿದ್ದನ್ನು ಅಭ್ಯಾಸಕ್ಕಷ್ಟೇ ಇಟ್ಟುಕೊಳ್ಳಿ, ಎಲ್ಲಿಯೂ ಹಾಕಬೇಡಿ.

ಕೋರ್ಸಿನ ಬಗ್ಗೆ ನನಗೆ ಅಗೌರವವಿಲ್ಲ. ನೀವು ಮಾಡಿದ್ದನ್ನು ಎದುರಿಗೆ ಕೂತು ಕೇಳಿ, ಇಂಥ ಕಡೆ ಹೀಗಾಗಿದೆ ಎಂದು ಹೇಳುವ ಒಬ್ಬ ಅನುಭವಿಯನ್ನು ಅದು ಕೊಡುವುದಾದರೆ ಹಣ ಸಾರ್ಥಕ. ತಂತ್ರಾಂಶದ ಗುಂಡಿಗಳನ್ನಷ್ಟೇ ತೋರಿಸುವುದಾದರೆ ರೀಪರ್‌ನ ಕೈಪಿಡಿಯೇ ಸಾಕು. ಸೇರುವ ಮೊದಲು, ವಿದ್ಯಾರ್ಥಿಗಳ ಟ್ರ್ಯಾಕ್‌ಗಳನ್ನು ಎಷ್ಟು ಹೊತ್ತು ಕೇಳಿ ತಿದ್ದುತ್ತೀರಿ ಎಂದು ಅವರನ್ನೇ ಕೇಳಿ ನೋಡಿ. ಅಷ್ಟರೊಳಗೆ ಈ ಮೋಹನದ ಟ್ರ್ಯಾಕ್ ಮುಗಿಸಿ, ಹಳೆಯ ಮತ್ತು ಹೊಸ ಮಿಕ್ಸ್ ಎರಡನ್ನೂ ಒಂದೇ ಮಟ್ಟಕ್ಕೆ ತಂದು ಇಲ್ಲಿಯೇ ಹಾಕಿದರೆ, ನಾವೆಲ್ಲ ಕೇಳಿ ಬಾಸ್ ಬಗ್ಗೆ ಇನ್ನಷ್ಟು ಖಚಿತವಾಗಿ ಹೇಳಬಹುದು.